ಹಳೆಯ ಮೋಟಾರಿನ ಜೀರ್ಣೋದ್ಧಾರ

೧

ಇತಿಹಾಸವೆಂದ ಕೂಡಲೆ ನಮ್ಮ ಜನಕ್ಕೆ ಅರಸರ ವಂಶಾವಳಿಯೂ ಕಾಳಗಗಳ ತೇದಿಗಳೂ ನೆನಪಾಗುವವು. ಕಲ್ಲಿನಲ್ಲಿ ಕೆತ್ತಿದ್ದು ಇತಿಹಾಸವಾಗುವಂತೆ ಕಬ್ಬಿಣದಲ್ಲಿ ಎರಕ ಹೊಯ್ದದ್ದೂ ಇತಿಹಾಸವೇ ಎಂಬ ಭಾವನೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಆದರೆ ಕಳೆದ ನೂರು ವರುಷಗಳಲ್ಲಿ ನಮ್ಮ ಮನೆಗಳನ್ನು ಬಂದು ಸೇರಿದ ಯಂತ್ರಗಳು, ಅಂದರೆ ಹೊಲಿಗೆಯ ಯಂತ್ರ, ಗೋಡೆಯ ಗಡಿಯಾರ, ಮೋಟಾರು ಮುಂತಾದವು, ಮನೆಯ ಮಂದಿಯ ಕೈಕಾಲುಗಳ ಚರಿತ್ರೆಯನ್ನು ತಮ್ಮೊಳಗೆ ಹುದುಗಿಸಿಕೊಂಡಿರುತ್ತವೆ. ಪತ್ರಗಳು ಹರಿದು ಹೋದ ಮನೆಯಲ್ಲಿಯೂ ಇವು ಸಾಕ್ಷಿಯಾಗಿ ನಿಂತಿರುವವು.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆಗೆ ಹಳೆಯ ಮನೆತನಗಳ ಹಿತ್ತಿಲಲ್ಲಿ, ತಗಡಿನ ಚಪ್ಪರದ ಕೆಳಗೆ, ಅರಿವೆ ಹೊದಿಸಿ ನಿಲ್ಲಿಸಿದ ಒಂದು ಅಂಬಾಸಡರ ಇಲ್ಲವೆ ಒಂದು ಫಿಯಾಟ ಗಾಡಿ ಇದ್ದಿತೆಂದು ಭಾವಿಸೋಣ. ಅದನ್ನು ಕೊಂಡು ತಂದ ಹಿರಿಯರು ಈಗ ಎಪ್ಪತ್ತು ದಾಟಿದ್ದಾರೆ. ಕಣ್ಣು ಚುರುಕಾಗಿದೆ, ಕೈ ನಡುಗುವದಿಲ್ಲ. ಆದರೆ ಎಡಗಾಲಿನ ಮೊಳಕಾಲು ಕ್ಲಚ್ಚನ್ನು ತುಳಿಯಲೊಲ್ಲದು. ಗಾಡಿಯನ್ನು ಮಾರಿದರೆ ಗುಜರಿಯವನ ಪಾಲು. ಇಟ್ಟರೆ ತುಕ್ಕಿನ ಪಾಲು. ಮಕ್ಕಳು ಹೇಳುವದೇನಂದರೆ: “ಅಪ್ಪಾ, ಇದರ ಗೇರಪೆಟ್ಟಿಗೆ ತೆಗೆದು, ತಾನೇ ಗೇರು ಬದಲಿಸುವ ಹೊಸ ಪೆಟ್ಟಿಗೆ ಕೂಡಿಸೋಣ. ನೀವು ಮತ್ತೆ ನಡೆಸಬಹುದು.” ಹಿರಿಯರು ಕೇಳುವದೇನಂದರೆ: “ಅದನ್ನು ಕೂಡಿಸಿದ ಮೇಲೆ ಇದು ನನ್ನ ಗಾಡಿಯಾಗಿ ಉಳಿಯುವದೇನು?”

ಎರಡೂ ಮಾತುಗಳಲ್ಲಿ ಪ್ರೀತಿಯಿದೆ, ಎರಡರಲ್ಲಿಯೂ ನ್ಯಾಯವಿದೆ. ಇದು ಬರಿಯ ಗ್ಯಾರೇಜಿನ ಪ್ರಶ್ನೆಯೆಂದು ತಳ್ಳಿಹಾಕುವದು ತಕ್ಕದ್ದಲ್ಲ. ಹಳೆಯದನ್ನು ಉಳಿಸಿಕೊಳ್ಳುವದೆಂದರೇನು ಎಂಬ ದೊಡ್ಡ ಪ್ರಶ್ನೆಯ ಒಂದು ಸಣ್ಣ ರೂಪವಿದು. ಆದ್ದರಿಂದ ಗೇರಪೆಟ್ಟಿಗೆಯ ಇತಿಹಾಸವನ್ನು ತುಸು ವಿಸ್ತಾರವಾಗಿ ನೋಡಿ, ಆಮೇಲೆ ಈ ಪ್ರಶ್ನೆಗೆ ತಿರುಗುವದು ಉಚಿತವೆಂದು ನಮಗೆ ತೋರುತ್ತದೆ.

೨

ಮೊದಲು ಈ ನಾಲ್ಕು ಊರುಗಳ ಹಾದಿಯ ಮಾತು. ಮುಂಬಯಿ ಇಲಾಖೆಯ ಕಾಲದಲ್ಲಿ ಹಾನಗಲ್ಲು ತನ್ನ ಹೆಸರಿನ ತಾಲೂಕಿಗೆ ತಾನೇ ಮುಖ್ಯಸ್ಥಳವಾಗಿದ್ದಿತು. ಶಿಗ್ಗಾವಿಯು ಬಂಕಾಪುರ ತಾಲೂಕಿನ ಕಚೇರಿಯ ಊರು. ಹಿರೇಕೆರೂರು ಕೋಡ ತಾಲೂಕಿನ ಕಚೇರಿಯ ಊರು. ಸವಣೂರಂತೂ ೧೯೪೮ರ ವರೆಗೆ ನವಾಬರ ಸಂಸ್ಥಾನವೇ ಆಗಿದ್ದಿತು. ಬಹುಕಾಲ ಧಾರವಾಡ ಜಿಲ್ಲೆಯಲ್ಲಿದ್ದ ಈ ಸೀಮೆಯು ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಯಿತು. ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲಿನ ಹಾದಿ ಬಿದ್ದಾಗ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಭಾಗ್ಯ ತೆರೆಯಿತು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳು ಆ ಹಾದಿಯಿಂದ ದೂರ ಉಳಿದವು. ಸವಣೂರಿನ ಪೇಟೆಯವರೂ ರೈಲು ಹಿಡಿಯಬೇಕಾದರೆ ಯಲವಿಗಿಯಂಥ ನಿಲ್ದಾಣದ ವರೆಗೆ ಗಾಡಿ ಕಟ್ಟಬೇಕಾಗಿದ್ದಿತು. ಹೀಗೆ ರೈಲು ಮುಟ್ಟದ ಊರುಗಳಿಗೆ ಮೋಟಾರು ಬರಿಯ ಸೊಗಸಿನ ವಸ್ತುವಾಗಿರಲಿಲ್ಲ. ಬಾಣಂತಿಯನ್ನು ದವಾಖಾನೆಗೆ ಒಯ್ಯುವದು, ಮದುವೆಯ ದಿಬ್ಬಣ, ಕೋರ್ಟಿನ ತಾರೀಖು, ಇವೆಲ್ಲಕ್ಕೂ ಅದೇ ಆಧಾರವಾಯಿತು. ಅಂಥ ವಾಹನದ ಮೇಲೆ ಮನೆಯವರಿಗೆ ಎತ್ತುಗಳ ಮೇಲಿರುವಂಥ ಮಮತೆ ಹುಟ್ಟಿದ್ದು ಆಶ್ಚರ್ಯವಲ್ಲ.

ನೆಲವೂ ಇಲ್ಲಿ ಒಂದೇ ಬಗೆಯದಲ್ಲ. ಶಿಗ್ಗಾವಿಯು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಅಲ್ಲಿ ಒಮ್ಮೆ ಮೇಲಿನ ಗೇರಿಗೆ ಹಾಕಿದರೆ ಬಹುದೂರ ಕೈ ಮುಟ್ಟುವ ಕಾರಣವಿಲ್ಲ. ಸವಣೂರಿನ ಎರೆಯ ನೆಲ ಮಳೆಗಾಲದಲ್ಲಿ ಗಾಲಿಯನ್ನು ಹಿಡಿದುಕೊಂಡಿತೆಂದರೆ ಮೊದಲನೆಯ ಗೇರಲ್ಲದೆ ಗತಿಯಿಲ್ಲ. ಹಾನಗಲ್ಲಿನಿಂದ ಶಿರಸಿಯ ಕಡೆಗೆ ಹೊರಟರೆ ಮಲೆನಾಡಿನ ಏರಿಳಿತಗಳು ಸುರುವಾಗುವವು. ಹಿರೇಕೆರೂರಿನ ಕಡೆಗೆ ಗುಡ್ಡಗಳು, ಕೆರೆಯ ಏರಿಗಳು. ಈ ಹಾದಿಗಳಲ್ಲಿ ಗಾಡಿ ನಡೆಸಿದವನ ಎಡಗಾಲು ಒಂದು ದಿನದಲ್ಲಿ ಎಷ್ಟು ಸಾರೆ ಕ್ಲಚ್ಚನ್ನು ತುಳಿಯುವದೆಂಬದನ್ನು ಎಣಿಸಿದವರಾರು?

೩

ಮೋಟಾರಿಗೆ ಗೇರು ಯಾತಕ್ಕೆ ಬೇಕು? ನೂಲುವ ರಾಟಿಯನ್ನು ನೋಡಿದವರಿಗೆ ಇದು ತಿಳಿಯಲು ಕಠಿಣವಲ್ಲ. ದೊಡ್ಡ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರೆ ಸಣ್ಣ ಕದಿರು ಅನೇಕ ಸುತ್ತು ತಿರುಗುವದು: ವೇಗ ಹೆಚ್ಚು, ಬಲ ಕಡಿಮೆ. ಮೋಟಾರಿನಲ್ಲಿ ಇದು ತಲೆಕೆಳಗು. ಎಂಜಿನ್ನು ವೇಗವಾಗಿ ತಿರುಗುವದು, ಆದರೆ ಅದರ ತಿರುಚುವ ಬಲ ಸ್ವಲ್ಪ. ಸಣ್ಣ ಹಲ್ಲುಗಾಲಿಯಿಂದ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸಿದಾಗ ವೇಗ ತಗ್ಗಿ ಬಲ ಹೆಚ್ಚುವದು. ನಿಂತ ಗಾಡಿಯನ್ನು ಎಬ್ಬಿಸಲಿಕ್ಕೆ ಬಹಳ ಬಲ ಬೇಕು, ಓಡುವ ಗಾಡಿಗೆ ಸ್ವಲ್ಪ ಸಾಕು. ಆದ್ದರಿಂದ ಹಲ್ಲುಗಾಲಿಗಳ ಮೂರು ನಾಲ್ಕು ಜೋಡಿಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಬೇಕಾದಾಗ ಬೇಕಾದ ಜೋಡಿಯನ್ನು ಕೂಡಿಸುವರು. ಕೂಡಿಸುವ ಕ್ಷಣದಲ್ಲಿ ಎಂಜಿನ್ನಿಗೂ ಪೆಟ್ಟಿಗೆಗೂ ಇರುವ ನಂಟನ್ನು ಬಿಡಿಸುವ ಕೊಂಡಿಯೇ ಕ್ಲಚ್ಚು.

೧೮೯೧ರ ಸುಮಾರಿಗೆ ಫ್ರಾನ್ಸಿನ ಪಾನಾರ್ ಮತ್ತು ಲೆವಾಸ್ಸೋರ್ ಎಂಬವರು ಎಂಜಿನ್ನನ್ನು ಗಾಡಿಯ ಮುಂದೆ ಇಟ್ಟು, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಸರಿಯುವ ಹಲ್ಲುಗಾಲಿಗಳ ಪೆಟ್ಟಿಗೆ, ಕೊನೆಗೆ ಹಿಂದಿನ ಗಾಲಿಗಳು, ಹೀಗೆ ಒಂದು ಕ್ರಮವನ್ನು ಹಾಕಿಕೊಟ್ಟರು. ಮುಂದೆ ಬಹುಕಾಲ ಜಗತ್ತಿನ ಮೋಟಾರುಗಳಲ್ಲಿ ಹೆಚ್ಚಿನವು ಇದೇ ಜಾಡನ್ನು ಹಿಡಿದವು. ಆದರೆ ತಿರುಗುತ್ತಿರುವ ಹಲ್ಲುಗಾಲಿಗೆ ಬೇರೆ ವೇಗದಿಂದ ತಿರುಗುವ ಇನ್ನೊಂದನ್ನು ಕೂಡಿಸುವದೆಂದರೆ ಕರಕರ ಸಪ್ಪಳ, ಹಲ್ಲು ಮುರಿಯುವ ಅಂಜಿಕೆ. ಕ್ಲಚ್ಚನ್ನು ಎರಡು ಸಾರೆ ತುಳಿದು, ನಡುವೆ ಎಂಜಿನ್ನಿನ ವೇಗವನ್ನು ಕಿವಿಯಿಂದಲೇ ಅಳೆದು ಗೇರು ಹಾಕುವದನ್ನು ಹಳೆಯ ಚಾಲಕರು ಒಂದು ವಿದ್ಯೆಯಂತೆ ಕಲಿತರು.

ಈ ತೊಡಕನ್ನು ತಪ್ಪಿಸಲು ಎರಡು ದಾರಿಗಳು ಹುಟ್ಟಿದವು. ಮೊದಲನೆಯದು ಅಮೇರಿಕೆಯ ಹೆನ್ರಿ ಫೋರ್ಡನ ಟಿ ಮಾದರಿಯ ಗಾಡಿ. ೧೯೦೮ರಿಂದ ೧೯೨೭ರ ವರೆಗೆ ಒಂದೂವರೆ ಕೋಟಿಗಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಆ ಗಾಡಿಯಲ್ಲಿ ಸೂರ್ಯನ ಸುತ್ತ ಗ್ರಹಗಳು ತಿರುಗುವಂತೆ ನಡುವಿನ ಹಲ್ಲುಗಾಲಿಯ ಸುತ್ತ ಸಣ್ಣ ಗಾಲಿಗಳು ತಿರುಗುವ ಏರ್ಪಾಡು ಇದ್ದಿತು. ಹಲ್ಲುಗಳು ಸದಾ ಕೂಡಿಕೊಂಡೇ ಇರುವದರಿಂದ ಕರಕರವಿಲ್ಲ. ಎಡಗಾಲಿನ ಪೆಡಲನ್ನು ಪೂರ್ತಿ ತುಳಿದರೆ ಕೆಳಗಿನ ಗೇರು, ಬಿಟ್ಟರೆ ಮೇಲಿನ ಗೇರು. ಎರಡನೆಯದು ಅಲ್ಲಿಯವನೇ ಆದ ಅರ್ಲ್ ಥಾಂಪ್ಸನ್ನನು ಕಂಡುಹಿಡಿದ ಸಿಂಕ್ರೋಮೆಶ್. ೧೯೨೮ರಲ್ಲಿ ಕ್ಯಾಡಿಲಾಕ್ ಗಾಡಿಯಲ್ಲಿ ಬಂದ ಈ ಯುಕ್ತಿಯಿಂದ ಎರಡು ಗಾಲಿಗಳು ಕೂಡುವ ಮೊದಲೇ ಒಂದನ್ನೊಂದು ಉಜ್ಜಿ ಸಮವೇಗಕ್ಕೆ ಬರುವವು. ಹಲ್ಲುಜ್ಜುವ ಸಪ್ಪಳ ಅಡಗಿತು. ಆದರೆ ಎಡಗಾಲಿನ ದುಡಿತ ಉಳಿಯಿತು.

೪

ಕ್ಲಚ್ಚನ್ನೇ ಇಲ್ಲದಂತೆ ಮಾಡಿದ ಯುಕ್ತಿ ಹುಟ್ಟಿದ್ದು ನೆಲದ ಮೇಲಲ್ಲ, ನೀರಿನ ಮೇಲೆ. ಜರ್ಮನಿಯ ಹರ್ಮನ್ ಫ್ಯೋಟಿಂಗರನು ಸ್ಟೆಟಿನ್ ಪಟ್ಟಣದ ವುಲ್ಕಾನ್ ಹಡಗುಕಟ್ಟೆಯಲ್ಲಿ ಎಂಜಿನಿಯರನಾಗಿದ್ದನು. ಹಡಗಿನ ಹಬೆಯ ಟರ್ಬೈನು ಅತಿ ವೇಗವಾಗಿ ತಿರುಗುವದು. ನೀರನ್ನು ನೂಕುವ ಚಕ್ರವಾದರೋ ನಿಧಾನವಾಗಿ ತಿರುಗಿದರೇ ಒಳಿತು. ಎರಡನ್ನೂ ಹಲ್ಲುಗಾಲಿಗಳಿಂದ ಕೂಡಿಸುವ ಬದಲು ದ್ರವದಿಂದ ಕೂಡಿಸುವ ಉಪಾಯವನ್ನು ಅವನು ಕಂಡುಕೊಂಡು ೧೯೦೫ರಲ್ಲಿ ಪೇಟೆಂಟು ಪಡೆದನು. ಎದುರುಬದುರಾಗಿ ಇಟ್ಟ ಎರಡು ರೆಕ್ಕೆಯ ಚಕ್ರಗಳನ್ನು ಒಂದು ಮುಚ್ಚಿದ ಪಾತ್ರೆಯಲ್ಲಿ ಇಟ್ಟು ಎಣ್ಣೆ ತುಂಬಿದರೆ, ಒಂದು ಚಕ್ರ ತಿರುಗಿದಾಗ ಅದು ಎರಚಿದ ಎಣ್ಣೆಯ ಹೊಡೆತಕ್ಕೆ ಇನ್ನೊಂದು ತಿರುಗುವದು. ಒಂದನ್ನೊಂದು ಮುಟ್ಟದೆ ಬಲ ದಾಟಿಹೋಗುವದು. ನಡುವೆ ಎಣ್ಣೆಯನ್ನು ತಿರುಗಿಸಿ ಕಳಿಸುವ ಮೂರನೆಯ ಚಕ್ರವೊಂದನ್ನು ಇಟ್ಟರೆ ತಿರುಚುವ ಬಲವೂ ಹೆಚ್ಚಾಗುವದು. ಗಾಡಿ ನಿಂತಾಗ ಎಂಜಿನ್ನು ಆರದೆ ಎಣ್ಣೆಯಲ್ಲಿ ಸುಮ್ಮನೆ ಜಾರುತ್ತಿರುವದು. ಕ್ಲಚ್ಚಿನ ಅವಶ್ಯಕತೆ ಅಲ್ಲಿಗೆ ಮುಗಿಯಿತು.

ಇಂಗ್ಲೆಂಡಿನ ಡೈಮ್ಲರ್ ಗಾಡಿಗಳಲ್ಲಿ ೧೯೩೦ರಿಂದ ಈ ಎಣ್ಣೆಯ ಕೊಂಡಿಯೂ ವಿಲ್ಸನ್ನನ ಗ್ರಹಗತಿಯ ಗೇರಪೆಟ್ಟಿಗೆಯೂ ಜೊತೆಯಾಗಿ ಬಂದವು. ಆದರೂ ಯಾವ ಗೇರು ಬೇಕೆಂಬದನ್ನು ಚಾಲಕನೇ ಆರಿಸಬೇಕಾಗಿದ್ದಿತು. ಆ ಆಯ್ಕೆಯನ್ನೂ ಯಂತ್ರಕ್ಕೆ ಒಪ್ಪಿಸಿದವರು ಅಮೇರಿಕೆಯ ಜನರಲ್ ಮೋಟರ್ಸಿನವರು. ೧೯೩೯ರಲ್ಲಿ ಅವರು ಸಾರಿ, ೧೯೪೦ರ ಓಲ್ಡ್ಸ್‌ಮೊಬೈಲ್ ಗಾಡಿಗಳಲ್ಲಿ ಕೊಟ್ಟ ಹೈಡ್ರಾಮ್ಯಾಟಿಕ್ ಎಂಬ ನಾಲ್ಕು ಗೇರಿನ ಪೆಟ್ಟಿಗೆಯೇ ದೊಡ್ಡ ಪ್ರಮಾಣದಲ್ಲಿ ಮಾರಾಟವಾದ ಮೊದಲನೆಯ ಸ್ವಯಂಚಾಲಿತ ಗೇರಪೆಟ್ಟಿಗೆ. ವೇಗ ಹೆಚ್ಚಿದಂತೆ ಎಣ್ಣೆಯ ಒತ್ತಡವೂ ಹೆಚ್ಚಿ, ಆ ಒತ್ತಡವೇ ಪಟ್ಟಿಗಳನ್ನು ಬಿಗಿದು ಸಡಲಿಸಿ ಗೇರನ್ನು ಬದಲಿಸುವದು ಅದರ ಗುಟ್ಟು. ಅದರ ಹಿಂದೆ ಇದ್ದ ಮುಖ್ಯ ಎಂಜಿನಿಯರನು ಬೇರೆ ಯಾರೂ ಅಲ್ಲ, ಸಿಂಕ್ರೋಮೆಶ್ಶಿನ ಥಾಂಪ್ಸನ್ನನೇ. ಎರಡನೆಯ ಮಹಾಯುದ್ಧದಲ್ಲಿ ಇದೇ ಪೆಟ್ಟಿಗೆಗಳನ್ನು ಅಮೇರಿಕೆಯ ಹಗುರ ಟ್ಯಾಂಕುಗಳಲ್ಲಿ ಕೂಡಿಸಿದರು. ಯುದ್ಧಭೂಮಿಯಲ್ಲಿ ತಾಳಿದ್ದು ಬೀದಿಯಲ್ಲಿ ತಾಳದೆ ಇರಲಾರದೆಂಬ ನಂಬಿಕೆ ಜನಕ್ಕೆ ಹುಟ್ಟಿತು. ೧೯೪೮ರ ಬ್ಯೂಕ್ ಗಾಡಿಯಲ್ಲಿ ಫ್ಯೋಟಿಂಗರನ ಮೂರು ಚಕ್ರದ ತತ್ವವು ಬಂದಿತು. ೧೯೬೦ರ ಸುಮಾರಿಗೆ ಬೋರ್ಗ್ ವಾರ್ನರ್ ಕಂಪನಿಯವರು ಇಂಗ್ಲೆಂಡಿನ ಸಣ್ಣ ಎಂಜಿನ್ನುಗಳಿಗೆ ಹೊಂದುವಂಥ ಮೂರು ಗೇರಿನ ಪೆಟ್ಟಿಗೆಯನ್ನು ಹೊರತಂದರು. ಅದರ ಹೆಸರು ಮೂವತ್ತೈದನೆಯ ನಮೂನೆ. ನಮ್ಮ ಅಂಬಾಸಡರಿನ ಕಥೆಗೆ ಈ ನಮೂನೆಯು ಮುಂದೆ ಬೇಕಾಗುವದು, ವಾಚಕರು ನೆನಪಿನಲ್ಲಿಡಬೇಕು.

೫

ಹಿಂದುಸ್ತಾನ ಮೋಟರ್ಸ್ ಕಂಪನಿಯು ೧೯೪೨ರಲ್ಲಿ ಗುಜರಾತಿನ ಓಖಾ ಬಂದರದಲ್ಲಿ ಸ್ಥಾಪನೆಯಾಗಿ, ೧೯೪೮ರಲ್ಲಿ ಬಂಗಾಲದ ಉತ್ತರಪಾಡಾಕ್ಕೆ ಬಂದಿತು. ಇಂಗ್ಲೆಂಡಿನ ಮಾರಿಸ್ ಗಾಡಿಗಳನ್ನೇ ಅದು ಒಂದರ ಹಿಂದೆ ಒಂದರಂತೆ ಇಲ್ಲಿ ಹೊಸ ಹೆಸರಿನಿಂದ ತಯಾರಿಸಿತು. ಆಕ್ಸ್‌ಫರ್ಡದ ಎರಡನೆಯ ಮಾಲಿಕೆಯು ಲ್ಯಾಂಡಮಾಸ್ಟರ ಆಯಿತು; ೧೯೫೬ರ ಮೂರನೆಯ ಮಾಲಿಕೆಯೇ ೧೯೫೭–೫೮ರ ಸುಮಾರಿಗೆ ಅಂಬಾಸಡರ ಆಯಿತು. ೧೯೫೯ರಿಂದ ಅದಕ್ಕೆ ೧೪೮೯ ಘನ ಸೆಂಟಿಮೀಟರಿನ ಎಂಜಿನ್ನು ಬಂದಿತು. ಇದನ್ನು ಇಂಗ್ಲೆಂಡಿನವರು ಬಿ ಮಾಲಿಕೆಯ ಎಂಜಿನ್ನೆಂದು ಕರೆದರು. ಗೇರಪೆಟ್ಟಿಗೆ ನಾಲ್ಕು ಗೇರಿನದು. ಮೊದಲನೆಯ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಗೇರಿನ ಕೋಲು ಸ್ಟಿಯರಿಂಗಿನ ಬದಿಗೆ. ಮುಂದಿನ ಸೀಟಿನಲ್ಲಿ ಮೂವರು ಕೂಡ್ರಲು ಅನುಕೂಲವಾದದ್ದು ಇದರಿಂದಲೇ. ಮುಂಬಯಿಯಲ್ಲಿ ೧೯೪೪ರಲ್ಲಿ ವಾಲಚಂದ ಹಿರಾಚಂದರು ಕಟ್ಟಿದ ಪ್ರೀಮಿಯರ್ ಕಂಪನಿಯ ಫಿಯಾಟ ಗಾಡಿಗೂ, ಮುಂದೆ ಅದೇ ಪದ್ಮಿನಿಯಾದಾಗಲೂ, ಗೇರಿನ ಕೋಲು ಅಲ್ಲಿಯೇ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯುಂಟು. ಅಂಬಾಸಡರಿನ ಮೂಲವಾದ ಆಕ್ಸ್‌ಫರ್ಡ ಮೂರನೆಯ ಮಾಲಿಕೆಗೆ ಇಂಗ್ಲೆಂಡಿನಲ್ಲಿ, ಬೇಕೆಂದವರಿಗೆ, ಮ್ಯಾನುಮ್ಯಾಟಿಕ್ ಎಂಬ ಎರಡು ಪೆಡಲಿನ ಏರ್ಪಾಡು ದೊರೆಯುತ್ತಿದ್ದಿತು. ಗೇರಪೆಟ್ಟಿಗೆ ಅದೇ, ಕ್ಲಚ್ಚಿನ ಪೆಡಲು ಮಾತ್ರ ಇಲ್ಲ. ಗೇರಿನ ಕೋಲನ್ನು ಕೈಯಿಂದ ಹಿಡಿದೊಡನೆ ಎಂಜಿನ್ನಿನ ಹೀರುವ ಒತ್ತಡವು ಕ್ಲಚ್ಚನ್ನು ತಾನೇ ಬಿಡಿಸುವದು. ಆಮೇಲೆ ೧೯೬೧ರ ಆಕ್ಸ್‌ಫರ್ಡ ಆರನೆಯ ಮಾಲಿಕೆಗೆ ಮೇಲೆ ಹೇಳಿದ ಬೋರ್ಗ್ ವಾರ್ನರ್ ಮೂವತ್ತೈದನೆಯ ನಮೂನೆಯ ಪೆಟ್ಟಿಗೆಯನ್ನು ಕೊಡತೊಡಗಿದರು. ಅದರ ಎಂಜಿನ್ನು ೧೬೨೨ ಘನ ಸೆಂಟಿಮೀಟರಿನದಾದರೂ ಅದೇ ಬಿ ಮಾಲಿಕೆಯದು. ಎಂ. ಜಿ. ಬಿ. ಎಂಬ ಹೆಸರಾದ ಗಾಡಿಗೂ ೧೯೬೭ರಿಂದ ೧೯೭೩ರ ವರೆಗೆ ಇದೇ ಜೋಡಣೆ ದೊರೆಯಿತು. ಅಂದರೆ ಅಂಬಾಸಡರಿನ ಒಡಹುಟ್ಟಿದ ಗಾಡಿಗಳು ಪರದೇಶದಲ್ಲಿ ಕ್ಲಚ್ಚನ್ನು ಬಿಟ್ಟು ನಡೆದಾಗ ನಮ್ಮದು ಕ್ಲಚ್ಚನ್ನು ತುಳಿಯುತ್ತಲೇ ಉಳಿಯಿತು. ಕಡಿಮೆ ಬೆಲೆ, ಕಡಿಮೆ ಪೆಟ್ರೋಲು, ಯಾವ ಹಳ್ಳಿಯ ಮೇಸ್ತ್ರಿಯೂ ಬಿಚ್ಚಿ ಕೂಡಿಸಬಲ್ಲ ಸರಳತೆ, ಇವು ಇಲ್ಲಿಯ ಗಾಡಿಯ ಬಲವಾಗಿದ್ದವು.

ಇನ್ನೂ ಒಂದು ಮಾತು. ೧೯೯೦ರ ದಶಕದ ಮೊದಲಲ್ಲಿ ಅಂಬಾಸಡರವನ್ನು ತಯಾರಿಸಿದವರೇ ಅದಕ್ಕೆ ಜಪಾನಿನ ಇಸುಝು ಎಂಜಿನ್ನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ಕೂಡಿಸಿ, ಗೇರಿನ ಕೋಲನ್ನು ನೆಲಕ್ಕೆ ಇಳಿಸಿದರು. ಜನರು ಅದನ್ನು ಅಂಬಾಸಡರವೇ ಅಲ್ಲವೆನ್ನಲಿಲ್ಲ. ೨೦೧೪ರ ಮೇ ತಿಂಗಳಲ್ಲಿ ಆ ಗಾಡಿಯ ತಯಾರಿಕೆ ನಿಂತಿತು. ಅದೇ ವರುಷದ ಫೆಬ್ರುವರಿಯಲ್ಲಿ ಮಾರುತಿ ಕಂಪನಿಯು ಸೆಲೆರಿಯೋ ಎಂಬ ಸಣ್ಣ ಗಾಡಿಯಲ್ಲಿ, ಸಾಮಾನ್ಯ ಗೇರಪೆಟ್ಟಿಗೆಯ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ನಡೆಸುವ ಅಗ್ಗದ ಏರ್ಪಾಡನ್ನು ತಂದಿದ್ದಿತು. ಮ್ಯಾನುಮ್ಯಾಟಿಕ್ಕಿನ ಹಳೆಯ ಕಲ್ಪನೆಯೇ ಹೊಸ ಉಡುಪು ಉಟ್ಟು, ಮಧ್ಯಮ ವರ್ಗದ ಮನೆಗೆ ಬಂದಿತು. ಎಡಗಾಲಿನ ಯುಗ ಮುಗಿಯುತ್ತ ಬಂದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಡ.

೬

ಇನ್ನು ಕೆಲಸದ ವಿಚಾರ. ಹಳೆಯ ಗಾಡಿಗೆ ಸ್ವಯಂಚಾಲಿತ ಪೆಟ್ಟಿಗೆಯನ್ನು ಕೂಡಿಸುವದು ಒಂದು ನಟ್ಟು ಬಿಚ್ಚಿ ಇನ್ನೊಂದು ಬಿಗಿಯುವಷ್ಟು ಸುಲಭವಲ್ಲ. ಎಂಜಿನ್ನಿನ ಹಿಂಬದಿಯ ಭಾರವಾದ ಗಾಲಿಯನ್ನೂ ಕ್ಲಚ್ಚನ್ನೂ ತೆಗೆದು, ಅಲ್ಲಿ ತೆಳುವಾದ ತಟ್ಟೆಯನ್ನೂ ಎಣ್ಣೆ ತುಂಬಿದ ಪರಿವರ್ತಕವನ್ನೂ ಕೂಡಿಸಬೇಕು. ಪೆಟ್ಟಿಗೆಯ ಮುಖಕ್ಕೂ ಎಂಜಿನ್ನಿನ ಬೆನ್ನಿಗೂ ತೂತುಗಳು ಹೊಂದದಿದ್ದರೆ ನಡುವೆ ಒಂದು ಹಲಗೆಯನ್ನು ಕೊರೆಯಿಸಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಪರಿವರ್ತಕ ಅಲುಗಿ ಎಣ್ಣೆಯ ಪಂಪು ಒಡೆಯುವದು. ಹೊಸ ಪೆಟ್ಟಿಗೆ ಉದ್ದವಾದ್ದರಿಂದ ಹಿಂದಿನ ಗಾಲಿಗಳಿಗೆ ಹೋಗುವ ದಂಡವನ್ನು ಮೊಟಕು ಮಾಡಿ ಮತ್ತೆ ತೂಕ ಸರಿಗೊಳಿಸಬೇಕು. ಎಣ್ಣೆಯನ್ನು ತಂಪು ಮಾಡುವ ಕೊಳವೆಗಳು, ಆಕ್ಸಲರೇಟರಿನಿಂದ ಪೆಟ್ಟಿಗೆಗೆ ಹೋಗುವ ತಂತಿ, ಗೇರು ಬಿದ್ದಿರುವಾಗ ಎಂಜಿನ್ನು ಚಾಲೂ ಆಗದಂತೆ ತಡೆಯುವ ಸ್ವಿಚ್ಚು, ವೇಗ ತೋರಿಸುವ ತಂತಿ, ಒಂದೊಂದನ್ನೂ ಲಕ್ಷ್ಯಗೊಟ್ಟು ಮಾಡಬೇಕು.

ಇಂಥ ಸೂಕ್ಷ್ಮ ಕೆಲಸಕ್ಕೆ ಲೇಥ ಯಂತ್ರವೇ ಮೂಲಾಧಾರ. ಹಿರೇಕೆರೂರಿನ ಕಡೆಯವರಿಗೆ ಇದರಲ್ಲಿ ಅಭಿಮಾನಪಡತಕ್ಕ ಸಂಗತಿಯೊಂದುಂಟು: ಸಮೀಪದ ಹರಿಹರದಲ್ಲಿಯೇ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿಯು ಸ್ಥಾಪನೆಯಾಗಿ ಲೇಥ ಯಂತ್ರಗಳನ್ನು ತಯಾರಿಸಿತು. ಆ ಕಾರಖಾನೆ ಮುಚ್ಚಿ ಹೋದರೂ, ಒಂದು ಹೊಸ ದಂಡವನ್ನು ಕೊರೆಯುವ ಮೇಸ್ತ್ರಿಯ ಕೈಯಲ್ಲಿ ಈ ನಾಡಿನ ಕೈಗಾರಿಕೆಯ ಒಂದು ಅಧ್ಯಾಯವೇ ತಿರುಗುತ್ತದೆ.

ಲಾಭದ ಜೊತೆಗೆ ನಷ್ಟವನ್ನೂ ಹೇಳಬೇಕು. ಅಂಬಾಸಡರಿನ ಹಳೆಯ ಎಂಜಿನ್ನಿನ ಬಲ ಸುಮಾರು ಐವತ್ತು ಕುದುರೆಗಳದು. ಅದರಲ್ಲಿ ಒಂದು ಪಾಲನ್ನು ಎಣ್ಣೆಯ ಜಾರಾಟವು ತಿಂದುಹಾಕುವದು. ಮೂವತ್ತೈದನೆಯ ನಮೂನೆಯಲ್ಲಿ ಮೊದಲನೆಯ ಗೇರು ೨.೩೯ಕ್ಕೆ ಒಂದು, ಎರಡನೆಯದು ೧.೪೫ಕ್ಕೆ ಒಂದು, ಮೂರನೆಯದು ನೇರ. ನಾಲ್ಕರ ಕೆಲಸವನ್ನು ಮೂರೇ ಮಾಡಬೇಕು. ಶಿಗ್ಗಾವಿಯ ಹೆದ್ದಾರಿಯಲ್ಲಿ ಇದು ಅಷ್ಟಾಗಿ ತಿಳಿಯದು. ಶಿರಸಿಯ ಹಾದಿಯ ಏರಿನಲ್ಲಿ ತುಂಬಿದ ಗಾಡಿಗೆ ತಿಳಿಯುವದು. ಇನ್ನೊಂದು ಸಂಗತಿ ಹಳ್ಳಿಯವರಿಗೆ ಹೆಚ್ಚು ಮುಖ್ಯ. ಬ್ಯಾಟರಿ ಸೋತ ಹಳೆಯ ಗಾಡಿಯನ್ನು ನಾಲ್ಕು ಜನ ತಳ್ಳಿ ಚಾಲೂ ಮಾಡುವದು ನಮ್ಮಲ್ಲಿ ಸಾಮಾನ್ಯ. ಸ್ವಯಂಚಾಲಿತ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳಿಗೆ ಈ ಉಪಾಯ ನಡೆಯದು. ಎಂಜಿನ್ನು ತಿರುಗದೆ ಎಣ್ಣೆಗೆ ಒತ್ತಡ ಬಾರದು, ಒತ್ತಡವಿಲ್ಲದೆ ಗೇರು ಹಿಡಿಯದು.

ಕಾಯಿದೆಯನ್ನೂ ಮರೆಯಬಾರದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗುವಂಥ ಮಾರ್ಪಾಟನ್ನು ಒಡೆಯನು ತನ್ನ ಇಚ್ಛೆಯಂತೆ ಮಾಡಲಾಗದು. ಆದರೆ ಅಂಗದ ಊನವುಳ್ಳವರ ಉಪಯೋಗಕ್ಕಾಗಿ ಮಾರ್ಪಡಿಸಿದ ವಾಹನಕ್ಕೆ ೨೦೧೯ರ ತಿದ್ದುಪಡಿಯು ಒಂದು ಬಾಗಿಲನ್ನು ತೆರೆದಿದೆ. ೨೦೨೧ರ ನಿಯಮಗಳಂತೆ ಐವತ್ತು ವರುಷ ದಾಟಿದ, ಮೂಲರೂಪದಲ್ಲಿ ಉಳಿದ ಗಾಡಿಗಳಿಗೆ ಪುರಾತನ ವಾಹನವೆಂಬ ಬೇರೆ ನೋಂದಣಿ ದೊರೆಯುವದು. ಅದರ ಚಾಸಿ, ಮೈಕಟ್ಟು, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದೆಂದು ನಿಯಮ. ಗೇರಪೆಟ್ಟಿಗೆಯ ಹೆಸರು ಅಲ್ಲಿಲ್ಲ. ಆದರೆ ಅದಕ್ಕೆ ಎಡೆ ಮಾಡಲು ಗಾಡಿಯ ನೆಲವನ್ನು ಕತ್ತರಿಸಿದರೆ ಮೈಕಟ್ಟನ್ನೇ ಮುಟ್ಟಿದಂತಾಗುವದು. ಆದ್ದರಿಂದ ಸ್ಪ್ಯಾನರನ್ನು ಹಿಡಿಯುವ ಮೊದಲು ನೋಂದಣಿಯ ಕಚೇರಿಯಲ್ಲಿ ವಿಚಾರಿಸುವದು ಅವಶ್ಯ.

೭

ಈಗ ಹಿರಿಯರ ಪ್ರಶ್ನೆಗೆ ಬರೋಣ: ಇಷ್ಟಾದ ಮೇಲೆ ಅದು ಅದೇ ಗಾಡಿಯೇ?

ಈ ಪ್ರಶ್ನೆಗೆ ಉತ್ತರ ನಮ್ಮ ಶಾಸನಗಳಲ್ಲಿಯೇ ಇದೆ. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ “ಖಂಡಸ್ಫುಟಿತ ಜೀರ್ಣೋದ್ಧಾರ” ಎಂಬ ಮಾತು ಚಿರಪರಿಚಿತ. ದ್ಕೇವರ ನೈವೇದ್ಯ, ನಂದಾದೀಪಗಳಿಗೆ ಭೂಮಿ ಬಿಟ್ಟಂತೆಯೇ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲಿಕ್ಕೆಂದು ನಮ್ಮ ಹಿರಿಯರು ಭೂಮಿಯನ್ನು ಬಿಟ್ಟರು. ಕಟ್ಟಿದ್ದು ಒಂದು ದಿನ ಒಡೆಯುವದೆಂಬ ಅರಿವು ಅವರಿಗಿದ್ದಿತು. ದುರಸ್ತಿಯನ್ನು ಅವರು ಅಪಮಾನವೆಂದು ತಿಳಿಯಲಿಲ್ಲ, ಪುಣ್ಯವೆಂದು ತಿಳಿದರು. ಅಷ್ಟೇ ಅಲ್ಲ, ಅದನ್ನು ಕಲ್ಲಿನಲ್ಲಿ ಬರೆಯಿಸಿದರು. ಆ ಬರಹವಿರುವದರಿಂದಲೇ ಇಂದಿನ ಶೋಧಕನು ಯಾರು ಏನನ್ನು ಯಾವಾಗ ಮಾಡಿದರೆಂಬದನ್ನು ಹೇಳಬಲ್ಲನು. ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲಿ ಎಂಟು ಮೂಲೆಯ ಛತ್ತಿನ ಕೆಳಗೆ ನಿಂತು ಆ ಕಲ್ಲಿನ ಕಮಲವನ್ನು ನೋಡಿದವರು, ಅದು ಇಂದಿನ ವರೆಗೆ ನಿಂತಿರುವದು ಕಟ್ಟಿದವರ ಕೌಶಲದಿಂದ ಮಾತ್ರವಲ್ಲ, ಕಾಯ್ದುಕೊಂಡು ಬಂದವರ ಎಚ್ಚರದಿಂದಲೂ ಹೌದೆಂಬದನ್ನು ಒಪ್ಪುವರು.

ಪಶ್ಚಿಮದವರೂ ಬೇರೆ ದಾರಿಯಿಂದ ಇದೇ ತೀರ್ಮಾನಕ್ಕೆ ಬಂದರು. ೧೯೬೪ರಲ್ಲಿ ವೆನಿಸ್ ಪಟ್ಟಣದಲ್ಲಿ ಸ್ಮಾರಕಗಳ ರಕ್ಷಣೆಯ ಕುರಿತು ಒಂದು ಸಂಹಿತೆ ರಚಿತವಾಯಿತು. ಕೂಡಿಸಿದ ಭಾಗವು ಮೂಲದೊಡನೆ ಹೊಂದಿಕೊಂಡಿರಬೇಕು, ಆದರೂ ಅದು ಹೊಸದೆಂದು ಗುರುತಿಸಲು ಬರಬೇಕೆಂದು ಅದು ವಿಧಿಸಿತು. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ೨೦೧೨–೧೩ರಲ್ಲಿ ಒಪ್ಪಿದ ಟ್ಯೂರಿನ್ ಸಂಹಿತೆಯು ಆ ವೆನಿಸ್ ಸಂಹಿತೆಯ ಜಾಡಿನಲ್ಲಿಯೇ ಹುಟ್ಟಿದ್ದು. ಅದರ ಸಾರವಿಷ್ಟೇ: ಬಳಕೆಗಾಗಿ ಮಾರ್ಪಾಟು ಅವಶ್ಯವಾದರೆ ಅದು ಮೂಲದ ಮೈಕಟ್ಟನ್ನು ಕೆಡಿಸಬಾರದು, ಸಾಧ್ಯವಾದ ಮಟ್ಟಿಗೆ ತಿರುಗಿ ಮೊದಲಿನಂತೆ ಮಾಡಲು ಬರುವಂತಿರಬೇಕು, ತೆಗೆದ ಮುಖ್ಯ ಭಾಗಗಳನ್ನು ಗಾಡಿಯೊಡನೆಯೇ ಕಾಯ್ದಿಡಬೇಕು. ಗುಡಿಗೂ ಗಾಡಿಗೂ ಒಂದೇ ಧರ್ಮವೆಂದು ನಾವು ಹೇಳಿದರೆ ಅದು ಅತಿಶಯೋಕ್ತಿಯಲ್ಲ.

ಈ ಮಾನದಂಡದಿಂದ ನೋಡಿದಾಗ ಮೂರು ಮೆಟ್ಟಲುಗಳು ತೋರುತ್ತವೆ. ಮೊದಲನೆಯದು, ಕ್ಲಚ್ಚು ಇಷ್ಟು ಬಿಗಿಯಾಗಿರುವದೇಕೆಂದು ನೋಡುವದು. ಎಷ್ಟೋ ಸಾರೆ ದೋಷ ಮೊಳಕಾಲಿನದಲ್ಲ, ತುಕ್ಕು ಹಿಡಿದ ಕೊಂಡಿಗಳದು, ಸವೆದ ತಟ್ಟೆಯದು. ಎರಡನೆಯದು, ಮ್ಯಾನುಮ್ಯಾಟಿಕ್ಕಿನ ಮಾದರಿಯಲ್ಲಿ ಗೇರಪೆಟ್ಟಿಗೆಯನ್ನು ಹಾಗೆಯೇ ಇಟ್ಟು, ಕ್ಲಚ್ಚನ್ನು ಮಾತ್ರ ಯಂತ್ರದಿಂದ ನಡೆಸುವದು. ಗಾಡಿಯ ಕುಲಕ್ಕೆ ಇದು ಪರಕೀಯವಲ್ಲ. ಅದರ ತಾಯಿಗಾಡಿಯಲ್ಲಿಯೇ ಇದ್ದದ್ದು. ಎರಡೂ ಸಾಲದಿದ್ದರೆ ಮಾತ್ರ ಮೂರನೆಯದು, ಪೂರ್ಣ ಬದಲಾವಣೆ. ಆಗಲೂ ಅದೇ ಎಂಜಿನ್ನಿನ ಕುಲಕ್ಕೆ ಕೊಟ್ಟಿದ್ದ ಪೆಟ್ಟಿಗೆಯನ್ನು ಹುಡುಕಬೇಕು. ನೆಲವನ್ನು ಕತ್ತರಿಸದೆ ಬೋಲ್ಟುಗಳಿಂದಲೇ ಕೂಡಿಸಬೇಕು. ಹಳೆಯ ಪೆಟ್ಟಿಗೆ, ಕ್ಲಚ್ಚು, ಪೆಡಲು, ದಂಡಗಳಿಗೆ ಎಣ್ಣೆ ಸವರಿ ಚೀಟಿ ಕಟ್ಟಿ ಅಟ್ಟದ ಮೇಲೆ ಇಡಬೇಕು. ಯಾವ ದಿನ, ಯಾವ ಕಾರಣಕ್ಕೆ, ಯಾರ ಕೈಯಿಂದ ಏನು ಬದಲಾಯಿತೆಂದು ಒಂದು ವಹಿಯಲ್ಲಿ ಬರೆದಿಡಬೇಕು. ಇದು ಆ ಗಾಡಿಯ ಶಾಸನ.

ಮಾರ್ಪಾಟು ಇತಿಹಾಸಕ್ಕೆ ದ್ರೋಹವಲ್ಲ. ಮಾರ್ಪಾಟನ್ನು ಮುಚ್ಚಿಡುವದು ದ್ರೋಹ. ಸವಣೂರಿನ ದೊಡ್ಡಹುಣಸೆಯ ಮರಗಳು ಮೂಲತಃ ಆಫ್ರಿಕೆಯವು. ಇಂದು ಅವನ್ನು ಹೊರಗಿನವೆನ್ನುವವರು ಯಾರೂ ಇಲ್ಲ. ಅಂಬಾಸಡರವೂ ಇಂಗ್ಲೆಂಡಿನಿಂದಲೇ ಬಂದು ನಮ್ಮದಾಯಿತು. ಬಂದದ್ದು ನಮ್ಮದಾಗುವದು ಬೇರು ಬಿಟ್ಟದ್ದರಿಂದ, ಬಳಸಿದ್ದರಿಂದ, ನೆನಪಿಟ್ಟದ್ದರಿಂದ.

ಒಂದು ನಷ್ಟಕ್ಕೆ ಮಾತ್ರ ಯಾವ ವಹಿಯೂ ಪರಿಹಾರವಲ್ಲ. ಕಿವಿಯಿಂದ ಎಂಜಿನ್ನನ್ನು ಕೇಳಿ, ಕಾಲಿನಿಂದ ಕ್ಲಚ್ಚನ್ನು ಅಳೆದು, ಸಪ್ಪಳವಾಗದಂತೆ ಮೊದಲನೆಯ ಗೇರು ಹಾಕುವ ಕೈಚಳಕವು ಪೆಟ್ಟಿಗೆಯ ಜೊತೆಗೆ ಅಟ್ಟವನ್ನು ಏರುವದು. ಆದ್ದರಿಂದ ಈ ಸೀಮೆಯ ಮನೆಗಳಲ್ಲಿ ಹಳೆಯ ಗಾಡಿಯಿರುವವರಲ್ಲಿ ನಮ್ಮದೊಂದು ಬಿನ್ನಹ. ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಹಿರಿಯರನ್ನು ಬದಿಗೆ ಕೂಡ್ರಿಸಿಕೊಂಡು, ಮಕ್ಕಳು ಮೊಮ್ಮಕ್ಕಳು ಆ ವಿದ್ಯೆಯನ್ನು ಒಂದು ಸಾರೆಯಾದರೂ ಕಲಿಯಲಿ. ಆಮೇಲೆ ಹೊಸ ಪೆಟ್ಟಿಗೆ ಕೂಡಲಿ. ಹಿರಿಯರು ತಾವೇ ಸ್ಟಿಯರಿಂಗು ಹಿಡಿದು, ಎಡಗಾಲಿಗೆ ವಿಶ್ರಾಂತಿ ಕೊಟ್ಟು, ಹಾನಗಲ್ಲಿನ ಹಾದಿಯಲ್ಲಿ ಮತ್ತೊಮ್ಮೆ ಹೊರಡಲಿ. ಚಪ್ಪರದ ಕೆಳಗೆ ಮೂಲರೂಪದಲ್ಲಿ ತುಕ್ಕು ಹಿಡಿಯುವ ಗಾಡಿಗಿಂತ, ಬರೆದಿಟ್ಟ ಒಂದು ಮಾರ್ಪಾಟಿನೊಡನೆ ಹಾದಿಯ ಮೇಲೆ ಓಡುವ ಗಾಡಿಯೇ ಇತಿಹಾಸಕ್ಕೆ ಹೆಚ್ಚು ನಿಷ್ಠವಾದದ್ದೆಂದು ನಾವು ನಂಬಿದ್ದೇವೆ.